ಹಳೇ ವಿಮಾ ಪಾಲಿಸಿ ಹುಡುಕಿದ ಎಂಟು ವರ್ಷ

ನಾವಿರುವುದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಇಂಡಿಯಾನಾಪೊಲಿಸ್ ಹತ್ತಿರದ ಒಂದು ಸಣ್ಣ ಊರಲ್ಲಿ. 2008ರಲ್ಲಿ ಇಲ್ಲಿ ಕಟ್ಟಡಗಳ ಬೆಲೆ ಬಿದ್ದಿತ್ತು. ಆಗ ನಾಲ್ಕು ಅಂಗಡಿಗಳಿರುವ ಒಂದು ಹಳೇ ಕಟ್ಟಡ ಕೊಂಡೆವು. ನಮ್ಮ ಯಜಮಾನರ ಉಳಿತಾಯ ಮತ್ತು ತುಮಕೂರಿನ ಸೈಟು ಮಾರಿದ ದುಡ್ಡು, ಎರಡೂ ಅದಕ್ಕೇ ಹೋಯಿತು. ಬ್ಯಾಂಕಿನ ಮುಂದೆ ಕೈಚಾಚಬೇಕಾಗಲಿಲ್ಲ ಎಂದು ಖುಷಿಪಟ್ಟಿದ್ದೆವು. ಸಾಲ ಕೇಳಿದ್ದರೆ ಆ ಜಾಗದ ಹಿಂದಿನ ಚರಿತ್ರೆಯನ್ನು ಬ್ಯಾಂಕಿನವರೇ ತೆಗೆಸುತ್ತಿದ್ದರು. ಇದು ನಮಗೆ ತಿಳಿದದ್ದು ಒಂಬತ್ತು ವರ್ಷ ಆದ ಮೇಲೆ.

ನಮ್ಮವರು ಎಷ್ಟೋ ಜನ ಇಲ್ಲಿ ಮೋಟೆಲು, ಪೆಟ್ರೋಲ್ ಬಂಕು, ಅಂಗಡಿ ಕೊಳ್ಳುತ್ತಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗವಾಗಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ. ನಾನು ಲಾಯರ್ ಅಲ್ಲ. ಇದು ಇಂಡಿಯಾನಾದ ಕತೆ. ಬೇರೆ ರಾಜ್ಯದ ಕಾನೂನು ಬೇರೆ ಥರ ಇರುತ್ತದೆ, ಅಲ್ಲಿನ ಲಾಯರನ್ನೇ ಕೇಳಬೇಕು.

2017ರ ಮಾರ್ಚ್‌ನಲ್ಲಿ ಮಗಳ ಕಾಲೇಜಿಗೆ ಹಣ ಹೊಂದಿಸಲು ಕಟ್ಟಡದ ಮೇಲೆ ಸಾಲ ಕೇಳಿದೆವು. ಬ್ಯಾಂಕಿನವರು 'ಫೇಸ್ ಒನ್' ವರದಿ ತನ್ನಿ ಅಂದರು. ಇದರಲ್ಲಿ ನೆಲ ಅಗೆಯುವುದಿಲ್ಲ. ಹಳೇ ನಕ್ಷೆ, ವಿಮಾನದಿಂದ ತೆಗೆದ ಫೋಟೋ, ಊರಿನ ಹಳೇ ಡೈರೆಕ್ಟರಿಗಳನ್ನು ನೋಡಿ ಆ ಜಾಗದಲ್ಲಿ ಮೊದಲು ಏನೇನಿತ್ತು ಎಂದು ಬರೆದುಕೊಡುತ್ತಾರೆ. ಮೂರು ವಾರ ಹಿಡಿಯಿತು, 2,400 ಡಾಲರ್ ಖರ್ಚಾಯಿತು. ಈಗ ಮೊಬೈಲ್ ರಿಪೇರಿ ಮಾಡುವ ಮೂರನೇ ಅಂಗಡಿಯಲ್ಲಿ 1964ರಿಂದ 1991ರವರೆಗೆ ಡ್ರೈ ಕ್ಲೀನಿಂಗ್ ನಡೆದಿತ್ತು ಎಂದು ವರದಿ ಬಂತು. ಓದಿ ಪಕ್ಕಕ್ಕಿಟ್ಟೆ. ಬಟ್ಟೆ ಒಗೆಯುವ ಅಂಗಡಿ ತಾನೇ, ಅದರಲ್ಲೇನಿದೆ ಅಂದುಕೊಂಡೆ.

ಆದರೆ ಡ್ರೈ ಕ್ಲೀನಿಂಗಿನಲ್ಲಿ ನೀರು ಬಳಸುವುದಿಲ್ಲ. ಅದರ ಬದಲು ಆ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದದ್ದು ಪರ್ಕ್ಲೋರೋಎಥಿಲೀನ್ ಎಂಬ ದ್ರವ. ಎಲ್ಲರೂ ಪರ್ಕ್ ಅನ್ನುತ್ತಾರೆ. ನೀರಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಭಾರ. ನೆಲಕ್ಕೆ ಚೆಲ್ಲಿದರೆ ಕಾಂಕ್ರೀಟಿನೊಳಗಿಂದಲೂ ಇಳಿಯುತ್ತದೆ, ಅಂತರ್ಜಲ ಮುಟ್ಟುತ್ತದೆ, ಅದರ ತಳಕ್ಕೂ ಹೋಗಿ ಕೂರುತ್ತದೆ. ಅಲ್ಲಿಂದ ಹಬೆಯಾಗಿ ಮೇಲಿನ ಮನೆಗಳೊಳಗೂ ಬರುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ಅಮೆರಿಕ ಸರ್ಕಾರದ ಮಿತಿ ಇದೆ.

'ಫೇಸ್ ಟು' ಆಗಲೇಬೇಕು ಎಂದು ಬ್ಯಾಂಕು ಪಟ್ಟು ಹಿಡಿಯಿತು. ಡ್ರಿಲ್ಲಿಂಗ್ ಯಂತ್ರ ತಂದು ಅಂಗಡಿಯ ಒಳಗೆ, ಹಿಂದೆ, ಪಾರ್ಕಿಂಗಿನಲ್ಲಿ ಕೊರೆದರು. ಮಣ್ಣು, ನೀರು ಎರಡನ್ನೂ ಲ್ಯಾಬಿಗೆ ಕಳಿಸಿದರು. 28,000 ಡಾಲರ್. ಹಿಂಬದಿಯ ಬಾಗಿಲ ಪಕ್ಕದ ನೀರಿನಲ್ಲಿ ಸಿಕ್ಕಿದ್ದು ಲೀಟರಿಗೆ 1,900 ಮೈಕ್ರೋಗ್ರಾಂ. ಆ ಹಾಳೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಎಷ್ಟೋ ಹೊತ್ತು ನಿಂತಿದ್ದೆ. "ರೀ, ಇದು ನಾವು ಮಾಡಿದ್ದಲ್ಲವಲ್ಲ, ನಮಗೇನು ಸಂಬಂಧ?" ಅಂದೆ. ಅವರ ಹತ್ತಿರವೂ ಉತ್ತರ ಇರಲಿಲ್ಲ.

ಕಾನೂನಿನ ಪ್ರಕಾರ ಸಂಬಂಧ ಇದೆ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ಹೂತಿಟ್ಟ ರಾಸಾಯನಿಕ ಮನೆಗಳೊಳಗೆ ಬಂದು ದೊಡ್ಡ ಗಲಾಟೆಯಾದ ಮೇಲೆ, 1980ರಲ್ಲಿ ಸೂಪರ್‌ಫಂಡ್ ಕಾಯ್ದೆ ಬಂತು. ಅದು ಕಸ ಸುರಿದವನನ್ನೂ ಹಿಡಿಯುತ್ತದೆ, ಇವತ್ತಿನ ಮಾಲೀಕನನ್ನೂ ಹಿಡಿಯುತ್ತದೆ. ತಪ್ಪು ಯಾರದು ಎಂದು ಕೇಳುವುದಿಲ್ಲ. ಕಾಯ್ದೆ ಬರುವ ಮೊದಲು ಚೆಲ್ಲಿದ್ದಕ್ಕೂ ಅನ್ವಯಿಸುತ್ತದೆ. ಕೊಳ್ಳುವ ಮೊದಲೇ ಸರಿಯಾಗಿ ವಿಚಾರಿಸಿ ಕೊಂಡವರಿಗೆ ಮಾತ್ರ 2002ರ ತಿದ್ದುಪಡಿಯಲ್ಲಿ ಒಂದು ರಕ್ಷಣೆ ಇದೆ. ನಾವು ವಿಚಾರಿಸಿರಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಪೂರ್ತಿ ಕೈದುಡ್ಡು ಕೊಟ್ಟು ಕೊಳ್ಳುವುದಾದರೂ ಫೇಸ್ ಒನ್ ಮಾಡಿಸಿ.

ದುಡ್ಡಿನ ಚಿಂತೆಗಿಂತ ದೊಡ್ಡದು ಆಮೇಲೆ ಬಂತು. ನಮ್ಮ ಅಂಗಡಿಯ ಹಿಂದೆ ಒಂದು ಮನೆ. ಗಂಡ ಹೆಂಡತಿ, ಐದು ತಿಂಗಳ ಮಗು. ನೀರಿನ ಹರಿವು ಆ ಕಡೆಗೇ ಇತ್ತು. ಅವರ ಮನೆಯ ಗಾಳಿಯನ್ನೂ ಪರೀಕ್ಷೆ ಮಾಡಬೇಕು ಎಂದು ಎಂಜಿನಿಯರ್ ಹೇಳಿದರು. ಹೋಗಿ ಹೇಳುವವರು ಯಾರು? ನಾನೇ ಹೋದೆ. ಬೇಸ್‌ಮೆಂಟಿನಲ್ಲಿ ಫುಟ್‌ಬಾಲ್‌ಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ಡಬ್ಬ ಇಟ್ಟರು. ಅದು 24 ಗಂಟೆ ನಿಧಾನಕ್ಕೆ ಗಾಳಿ ಎಳೆದುಕೊಳ್ಳುತ್ತದೆ. ಹತ್ತು ದಿನಕ್ಕೆ ಫಲಿತಾಂಶ ಬಂತು. ಪರ್ಕ್ ಇತ್ತು, ಮಿತಿಗಿಂತ ಜಾಸ್ತಿಯೇ ಇತ್ತು. ಆ ಹುಡುಗಿ ಕೂಗಾಡಲಿಲ್ಲ. "ಇವತ್ತು ರಾತ್ರಿ ಮಗುವನ್ನು ಎಲ್ಲಿ ಮಲಗಿಸಲಿ?" ಅಂದಳು. ಎಂಟು ವರ್ಷದಲ್ಲಿ ನನ್ನನ್ನು ನಿದ್ದೆಗೆಡಿಸಿದ ಮಾತು ಅದೊಂದೇ.

ಮರುವಾರವೇ ಅವರ ಮನೆಗೆ ಫ್ಯಾನ್ ಹಾಕಿಸಿದೆವು. ಬೇಸ್‌ಮೆಂಟಿನ ನೆಲಕ್ಕೆ ತೂತು ಕೊರೆದು ಪೈಪು ಇಳಿಸುತ್ತಾರೆ. ನೆಲದಡಿಯ ಗಾಳಿಯನ್ನು ಫ್ಯಾನ್ ಎಳೆದು ಚಾವಣಿಯ ಮೇಲೆ ಬಿಡುತ್ತದೆ. ಇಲ್ಲಿನ ಮನೆಗಳಲ್ಲಿ, ನೆಲದಿಂದ ಏಳುವ ರೇಡಾನ್ ಎಂಬ ವಿಕಿರಣ ಅನಿಲಕ್ಕೂ ಇದನ್ನೇ ಹಾಕುತ್ತಾರೆ. 4,200 ಡಾಲರ್ ಆಯಿತು. ಈ ದುಡ್ಡು ವಿಮೆಯಿಂದ ವಾಪಸ್ ಬರಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ಹಾಕಿದ ಮೇಲೆ ಗಾಳಿ ಪರೀಕ್ಷೆಯಲ್ಲಿ ಪರ್ಕ್ ಮಿತಿಯೊಳಗೆ ಇಳಿಯಿತು.

ಇನ್ನು ನೆಲ ಮತ್ತು ನೀರು. ಶುದ್ಧ ಮಾಡಲು ಆರೇಳು ಲಕ್ಷ ಡಾಲರ್ ಬೇಕು ಎಂದು ಅಂದಾಜು ಬಂತು. ಇಡೀ ಕಟ್ಟಡ ಮಾರಿದರೂ ಅಷ್ಟು ಹುಟ್ಟುವುದಿಲ್ಲ. ಮೊದಲು ಹಿಡಿದ ಲಾಯರ್ 9,000 ಡಾಲರ್ ಬಿಲ್ ಮಾಡಿ, ಕಟ್ಟಡ ಕೈಬಿಟ್ಟು ದಿವಾಳಿ ಅರ್ಜಿ ಹಾಕುವುದನ್ನು ಯೋಚಿಸಿ ಎಂದರು. ವಿಮೆಯ ಮಾತನ್ನೇ ಅವರು ಎತ್ತಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೆ ಯಾರಿಗೂ ಮಾತಿಲ್ಲ. ಮಗಳು ತಾನಾಗಿಯೇ ಊರ ಹತ್ತಿರದ ಸರ್ಕಾರಿ ಕಾಲೇಜಿಗೆ ಸೇರಿಕೊಂಡಳು.

ದಾರಿ ತೋರಿಸಿದ್ದು ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಸಿಕ್ಕ ಒಬ್ಬ ಹುಡುಗ. ಚಿತ್ರದುರ್ಗದವನು, ಇಂಥ ಜಾಗಗಳಲ್ಲಿ ನೆಲ ಕೊರೆಯುವ ಕಂಪನಿಯಲ್ಲಿ ಭೂವಿಜ್ಞಾನಿ. ಊಟದ ಸಾಲಿನಲ್ಲಿ ನಿಂತು ನನ್ನ ಕತೆ ಪೂರ್ತಿ ಕೇಳಿದ. "ಅಕ್ಕಾ, ಆ ಡ್ರೈ ಕ್ಲೀನಿಂಗ್‌ನವರ ಹಳೇ ಇನ್ಶೂರೆನ್ಸ್ ಹುಡುಕಿಸಿದ್ರಾ?" ಅಂದ. "1991ಕ್ಕೆ ಅಂಗಡಿನೇ ಮುಚ್ಚಿದೆ ಕಣಪ್ಪಾ, ಇನ್ನೆಲ್ಲಿ ಇನ್ಶೂರೆನ್ಸು?" ಅಂದೆ. "ಅಂಗಡಿ ಮುಚ್ಚಿದ್ರೂ ಪಾಲಿಸಿ ಸಾಯಲ್ಲ ಅಕ್ಕಾ" ಅಂದ.

ನನಗೆ ಇದು ಅರ್ಥವಾಗಲು ಒಂದು ವಾರ ಬೇಕಾಯಿತು. ನಮ್ಮ ಅಪ್ಪ ಎಲ್‌ಐಸಿ ಬಾಂಡುಗಳನ್ನು ಟ್ರಂಕಿನಲ್ಲಿ ಇಡುತ್ತಿದ್ದರು. ಅವಧಿ ಮುಗಿದು ದುಡ್ಡು ಬಂದ ಮೇಲೆ ಆ ಕಾಗದಕ್ಕೆ ಬೆಲೆ ಇಲ್ಲ. ಬೈಕಿನ ಇನ್ಶೂರೆನ್ಸ್ ಕೂಡ ವರ್ಷ ಕಳೆದರೆ ಮುಗಿಯಿತು ಎಂದೇ ನಾವು ತಿಳಿದಿರುತ್ತೇವೆ, ಅಲ್ವಾ? ಆದರೆ ಅಮೆರಿಕದ ಹಳೇ ವ್ಯಾಪಾರ ಹೊಣೆಗಾರಿಕೆ ಪಾಲಿಸಿಗಳಲ್ಲಿ, ಅಂದರೆ ನಮ್ಮ ವ್ಯಾಪಾರದಿಂದ ಬೇರೆಯವರಿಗೆ ಹಾನಿಯಾದರೆ ತುಂಬಿಕೊಡುವ ಪಾಲಿಸಿಗಳಲ್ಲಿ, ಮುಖ್ಯವಾದದ್ದು ಹಾನಿ ಯಾವಾಗ ನಡೆಯಿತು ಎಂಬುದು. 1966ರ ಮಾದರಿ ಪಾಲಿಸಿಯಿಂದ ಇದು ಚೆನ್ನಾಗಿ ಸ್ಪಷ್ಟವಾಗಿದೆ. ಬೈಕಿನ ಲೆಕ್ಕದಲ್ಲೇ ಹೇಳುವುದಾದರೆ, ಪಾಲಿಸಿ ಇದ್ದ ದಿನ ಯಾರಿಗೋ ಡಿಕ್ಕಿ ಹೊಡೆದಿದ್ದರೆ, ಕೇಸು ಎಷ್ಟು ತಡವಾಗಿ ಬಂದರೂ ಕೊಡಬೇಕಾದದ್ದು ಆ ದಿನದ ವಿಮಾ ಕಂಪನಿ. 1978ರಲ್ಲಿ ಪರ್ಕ್ ಅಂತರ್ಜಲಕ್ಕೆ ಇಳಿದಿದ್ದರೆ, 1978ರ ಪಾಲಿಸಿ ಇವತ್ತೂ ಉತ್ತರ ಕೊಡಬೇಕು.

ವಿಮಾ ಕಂಪನಿಗಳು ಇದನ್ನು ಕಂಡುಕೊಂಡು ಪಾಲಿಸಿ ಬದಲಿಸಿದವು. 1973ರ ಮಾದರಿಯಲ್ಲಿ, ಮಾಲಿನ್ಯವು ದಿಢೀರ್ ಆಗಿ, ಆಕಸ್ಮಿಕವಾಗಿ ಆಗಿದ್ದರೆ ಮಾತ್ರ ಕೊಡುತ್ತೇವೆ ಎಂದು ಸೇರಿಸಿದರು. 1986ರ ಹೊತ್ತಿಗೆ ಮಾಲಿನ್ಯಕ್ಕೆ ಏನೂ ಕೊಡುವುದಿಲ್ಲ ಎಂದೇ ಬಂತು. ಹಾಗಾಗಿ ಹೆಚ್ಚಿನ ರಾಜ್ಯಗಳಲ್ಲಿ 1986ಕ್ಕಿಂತ ಹಿಂದಿನ ಕಾಗದಗಳೇ ಚಿನ್ನ.

ಆ ಹುಡುಗ ಹೇಳಿದ ಎರಡನೇ ಲಾಯರ್ ಹತ್ತಿರ ಹೋದೆವು. ಈಯಮ್ಮ ಹಳೇ ವಿಮೆಯಿಂದ ದುಡ್ಡು ತರಿಸುವ ಇಂಥ ಕೇಸುಗಳನ್ನೇ ನಡೆಸುವವರು. ಕೂತ ತಕ್ಷಣ ಕೇಳಿದ್ದು, ವಿಮಾ ಕಂಪನಿಗೆ ನೋಟಿಸ್ ಕೊಡುವ ಮೊದಲು ಎಷ್ಟು ಖರ್ಚು ಮಾಡಿದ್ದೀರಿ ಎಂದು. 2009ರಲ್ಲಿ ಇಂಡಿಯಾನಾದ ಸುಪ್ರೀಂ ಕೋರ್ಟು ಡ್ರೆಡೆಡ್ ಎಂಬ ಕಂಪನಿಯ ಕೇಸಿನಲ್ಲಿ ಒಂದು ತೀರ್ಪು ಕೊಟ್ಟಿದೆ. ವಿಮಾ ಕಂಪನಿಗೆ ವಿಷಯ ತಿಳಿಸುವ ಮೊದಲು ಕೇಸು ಎದುರಿಸಲು ನೀವಾಗಿ ಮಾಡಿದ ಖರ್ಚನ್ನು ಅವರು ಕೊಡಬೇಕಾಗಿಲ್ಲ ಎಂದು. ಇದನ್ನು ಓದುವವರು ಬೇರೆಲ್ಲ ಮರೆತರೂ ಇದನ್ನು ನೆನಪಿಡಿ. ಮೊದಲು ನೋಟಿಸ್, ಆಮೇಲೆ ಖರ್ಚು. ನಾವು ಉಲ್ಟಾ ಮಾಡಿದ್ದೆವು.

ಇನ್ನೊಂದು ತೊಡಕೂ ಇತ್ತು. ಹಳೇ ಪಾಲಿಸಿ ನಮ್ಮದಲ್ಲ, ಆ ಅಂಗಡಿ ನಡೆಸಿದವರದು. ಇಂಡಿಯಾನಾದಲ್ಲಿ 1998ರಿಂದ ಒಂದು ಕಾನೂನಿದೆ. ಜಾಗ ಕೆಡಿಸಿದವರ ಮೇಲೆ ಶುದ್ಧೀಕರಣದ ಖರ್ಚು ಕೇಳಬಹುದು. ನಾವು ಅವರನ್ನು ಕೇಳಬೇಕು, ಅವರು ತಮ್ಮ ವಿಮಾ ಕಂಪನಿಯನ್ನು ಕೇಳಬೇಕು. ಅಂಗಡಿ ಅವರ ಸ್ವಂತ ಹೆಸರಿನಲ್ಲೇ ಇತ್ತು. ವಿಚಾರಿಸಿದರೆ ಅವರಿನ್ನೂ ಬದುಕಿದ್ದಾರೆ. 86 ವರ್ಷ, ವೃದ್ಧಾಶ್ರಮದಲ್ಲಿದ್ದಾರೆ.

ಲಾಯರ್ ನೋಟಿಸ್ ಕಳಿಸೋಣ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಈ ವಯಸ್ಸಲ್ಲಿ ಅಂಥ ಲಕೋಟೆ ಬಂದರೆ ಆ ಜೀವ ಏನಾಗಬೇಕು? ಮೊದಲು ಅವರ ಮಗಳಿಗೆ ಫೋನ್ ಮಾಡಿದೆ. ಎರಡು ಸಲ ಇಟ್ಟುಬಿಟ್ಟಳು. ಮೂರನೇ ಸಲ ಹೇಳಿದೆ: "ನಿಮ್ಮ ತಂದೆಯ ಮನೆ, ಉಳಿತಾಯ ನಮಗೆ ಬೇಡ. ಅವರು ವರ್ಷವರ್ಷ ಕಟ್ಟಿದ ಪ್ರೀಮಿಯಂ ಇದೆಯಲ್ಲ, ಅದು ಈಗ ಅವರನ್ನೇ ಕಾಯಬೇಕು. ಅವರಿಗೆ ಲಾಯರ್ ಇಟ್ಟುಕೊಡಬೇಕಾದದ್ದೂ ವಿಮಾ ಕಂಪನಿಯೇ." ಅದು ನಿಜ ಕೂಡ. ಆ ಪಾಲಿಸಿಗಳಲ್ಲಿ ವಿಮೆ ಮಾಡಿಸಿದವರ ಪರವಾಗಿ ವಾದಿಸುವ ಖರ್ಚೂ ಕಂಪನಿಯದೇ. ಅದು ಪರಿಹಾರದ ಮಿತಿಯಿಂದ ಕಡಿತವಾಗುವುದಿಲ್ಲ.

ಅವಳೂ ನಾನೂ ಹೋಗಿ ಅವರನ್ನು ನೋಡಿದೆವು. ಒಳ್ಳೆಯ ಮನುಷ್ಯ. ನನ್ನ ಸೀರೆಯ ಅಂಚು ಮುಟ್ಟಿ ನೋಡಿ, ಇದಕ್ಕೆ ಪರ್ಕ್ ತಾಗಿಸಬಾರದು, ಜರಿ ಮಂಕಾಗುತ್ತದೆ ಅಂದರು. ವಿಷಯ ಕೇಳಿ ಅತ್ತರು. ಯಂತ್ರದಲ್ಲಿ ಉಳಿದ ಗಸಿಯನ್ನು ಹಿಂಬಾಗಿಲ ಹತ್ತಿರ ಮಣ್ಣಿಗೆ ಹಾಕುತ್ತಿದ್ದೆ, ಗಾಳಿಗೆ ಆರಿಹೋಗುತ್ತದೆ ಎಂದು ಪರ್ಕ್ ಮಾರುವವರೇ ಹೇಳಿದ್ದರು, ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದರು. ಎಷ್ಟೋ ಜಾಗಗಳಲ್ಲಿ ಇದೇ ಕತೆ.

ಅವರ ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೊಂದು ಡಬ್ಬಗಳಿದ್ದವು. ಥಂಡಿ ಹಿಡಿದು ವಾಸನೆ ಬರುತ್ತಿದ್ದ ಕಾಗದಗಳು. ಮೂರು ಶನಿವಾರ ನಾವಿಬ್ಬರೇ ನೆಲದ ಮೇಲೆ ಕೂತು ಬಿಡಿಸಿದೆವು. ಕರೆಂಟ್ ಬಿಲ್ಲು, ಬಟ್ಟೆಯ ಚೀಟಿ, ಅವಳ ಸ್ಕೂಲ್ ಅಂಕಪಟ್ಟಿ. ಎರಡನೇ ಶನಿವಾರ ಒಂದು ಶೂ ಡಬ್ಬದಲ್ಲಿ ಬ್ಯಾಂಕಿನಿಂದ ವಾಪಸ್ ಬಂದ ಹಳೇ ಚೆಕ್ಕುಗಳು ಸಿಕ್ಕವು. ಕೆಲವು ವಿಮಾ ಏಜೆಂಟನಿಗೆ ಬರೆದದ್ದು. ಮೂಲೆಯಲ್ಲಿ ಪೆನ್ಸಿಲ್‌ನಿಂದ ಪಾಲಿಸಿ ನಂಬರ್. ಮೂರನೇ ಶನಿವಾರ ಕಂದು ಲಕೋಟೆಯಲ್ಲಿ 1978ರಿಂದ 1981ರವರೆಗಿನ ಪೂರ್ತಿ ಪಾಲಿಸಿ ಇತ್ತು. ಪರಿಹಾರದ ಮಿತಿ ಪ್ರತಿ ಘಟನೆಗೆ 3,00,000 ಡಾಲರ್. ಅವಳು ಅದನ್ನು ಎದೆಗವಚಿಕೊಂಡು ಕೂತಳು. ನನಗೂ ಕಣ್ಣು ತುಂಬಿತು.

ಪೂರ್ತಿ ಪಾಲಿಸಿ ಸಿಗದಿದ್ದರೂ ಕೈಬಿಡಬೇಡಿ. ಹಳೇ ಪಾಲಿಸಿ ಹುಡುಕುವುದನ್ನೇ ಕಸುಬಾಗಿಸಿಕೊಂಡವರು ಇಲ್ಲಿದ್ದಾರೆ. ಅವರನ್ನು ಇನ್ಶೂರೆನ್ಸ್ ಆರ್ಕಿಯಾಲಜಿಸ್ಟ್ ಅನ್ನುತ್ತಾರೆ. ನಾವು ಹಿಡಿದವರು 6,500 ಡಾಲರ್ ತೆಗೆದುಕೊಂಡರು. ಚೆಕ್ಕಿನ ನಂಬರುಗಳಿಂದ ಯಾವ ಕಂಪನಿ, ಯಾವ ಥರದ ಪಾಲಿಸಿ ಎಂದು ಗುರುತಿಸಿದರು. 1971ರಲ್ಲಿ ಹೊಸ ಯಂತ್ರಕ್ಕೆ ಸಾಲ ಕೊಟ್ಟಿದ್ದ ಬ್ಯಾಂಕಿನ ಫೈಲಿನಲ್ಲಿ ವಿಮೆಯ ಸರ್ಟಿಫಿಕೇಟ್ ಸಿಕ್ಕಿತು. ಏಜೆಂಟನ ಮೊಮ್ಮಗ ಹಳೇ ಲೆಡ್ಜರ್ ಪುಸ್ತಕ ಕೊಟ್ಟ. ಆ ವರ್ಷಗಳಲ್ಲಿ ಆ ಕಂಪನಿ ಬಳಸುತ್ತಿದ್ದ ಅಚ್ಚಿನ ನಮೂನೆಯನ್ನೂ ಇದರ ಜೊತೆ ಇಟ್ಟರೆ ಕಳೆದುಹೋದ ಪಾಲಿಸಿಯನ್ನೂ ರುಜುವಾತು ಮಾಡಬಹುದು. ಕೊನೆಗೆ 1966ರಿಂದ 1985ರವರೆಗೆ ನಾಲ್ಕು ಕಂಪನಿಗಳು ಸಿಕ್ಕವು. ಒಂದು ದಿವಾಳಿಯಾಗಿತ್ತು. ಅಂಥವಕ್ಕೆ ರಾಜ್ಯದ ಗ್ಯಾರಂಟಿ ನಿಧಿ ಇದೆ, ಆದರೆ ಅರ್ಜಿಯ ಗಡುವು ಮುಗಿದಿತ್ತು. ಇನ್ನೊಂದು ಬೇರೆ ಕಂಪನಿಯೊಳಗೆ ಸೇರಿ ಹೆಸರೇ ಬದಲಾಗಿತ್ತು.

2018ರ ಫೆಬ್ರುವರಿಯಲ್ಲಿ ಆ ಹಿರಿಯರ ಹೆಸರಿನಲ್ಲಿ ಎಲ್ಲ ಕಂಪನಿಗಳಿಗೂ ನೋಟಿಸ್ ಹೋಯಿತು. ರಾಜ್ಯದ ಪರಿಸರ ಇಲಾಖೆಯಿಂದ ನಮಗೂ ಆ ಹಿರಿಯರಿಗೂ ಬಂದಿದ್ದ ಪತ್ರವನ್ನೂ ಜೊತೆಗೆ ಲಗತ್ತಿಸಿದರು. ಇದು ಮುಖ್ಯ. ಸುಮ್ನೆ 'ಜಾಗ ಕೆಟ್ಟಿದೆ' ಎಂದರೆ ಕಂಪನಿ ಏಳುವುದಿಲ್ಲ. ಸರ್ಕಾರವೋ ನೊಂದವರೋ ಕೇಳುತ್ತಿದ್ದಾರೆ ಎಂಬುದಕ್ಕೆ ಕಾಗದ ಬೇಕು.

ಆಮೇಲೆ ಕಾಯುವುದು. ಒಂದು ಕಂಪನಿ ಐದು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಮತ್ತೊಂದು, ಪಾಲಿಸಿಯ ಮೂಲ ಪ್ರತಿ ತನ್ನಿ ಅಂತ ಹಟ ಮಾಡಿತು. ಇನ್ನೊಂದು, ಹಕ್ಕು ಕಾದಿರಿಸಿಕೊಂಡು ವಾದಿಸುತ್ತೇವೆ ಎಂದು ಹನ್ನೆರಡು ಪುಟ ಬರೆಯಿತು. ಆ ಪತ್ರ ನೋಡಿ ಇದು ನಿರಾಕರಣೆ ಎಂದು ನಾನು ಹೆದರಿದ್ದೆ. ಹಾಗಲ್ಲ. ಈಗ ಲಾಯರ್ ಖರ್ಚು ಕೊಡುತ್ತೇವೆ, ಪರಿಹಾರದ ಮಾತು ಆಮೇಲೆ ನೋಡೋಣ ಎಂದು ಅರ್ಥ. ಅಂಥ ಪತ್ರ ಬಂದರೆ ಅರ್ಧ ಗೆದ್ದ ಹಾಗೆ.

ವಿಮಾ ಕಂಪನಿಯವರು ಮುಖ್ಯವಾಗಿ ಮೂರು ತಕರಾರು ತೆಗೆದರು. ಆಗ ಆ ಜಾಗ ಆ ಹಿರಿಯರದೇ ಆಗಿತ್ತು, ಸ್ವಂತ ಜಾಗದ ಹಾನಿಗೆ ಈ ಪಾಲಿಸಿ ಕೊಡುವುದಿಲ್ಲ ಎಂದರು. ಅಂತರ್ಜಲ ಯಾರೊಬ್ಬರ ಸ್ವಂತದ್ದಲ್ಲ, ಹಿಂದಿನ ಮನೆಗೂ ಹೋಗಿದೆ ಎಂದು ನಮ್ಮ ಲಾಯರ್ ನೀರಿನ ನಕ್ಷೆ ಮುಂದಿಟ್ಟರು. ಎರಡನೆಯದಾಗಿ ಕಂಪನಿಯವರು, ಪಾಲಿಸಿಯಿಂದ ಮಾಲಿನ್ಯವನ್ನು ಹೊರಗಿಟ್ಟಿದ್ದೇವೆ ಎಂದರು. ಇಲ್ಲಿ ಇಂಡಿಯಾನಾ ನಮ್ಮನ್ನು ಕಾಪಾಡಿತು. 1996ರ ಕೈಗರ್ ಕೇಸಿನಲ್ಲಿ, ಒಂದು ಪೆಟ್ರೋಲ್ ಬಂಕಿನ ಸೋರಿಕೆಯ ವಿಚಾರದಲ್ಲಿ, ಇಲ್ಲಿನ ಸುಪ್ರೀಂ ಕೋರ್ಟು ಪಾಲಿಸಿಯ 'ಮಾಲಿನ್ಯಕಾರಕ' ಎಂಬ ಪದವೇ ಅಸ್ಪಷ್ಟ, ಸಂಶಯದ ಲಾಭ ವಿಮೆ ಮಾಡಿಸಿದವರಿಗೆ ಎಂದಿತ್ತು. 2012ರಲ್ಲಿ ಫ್ಲೆಕ್ಸ್‌ಡಾರ್ ಕೇಸಿನಲ್ಲಿ ಪರ್ಕ್‌ನ ಹತ್ತಿರದ ನೆಂಟನಾದ ಟಿಸಿಇ ಎಂಬ ರಾಸಾಯನಿಕಕ್ಕೂ ಅದನ್ನೇ ಎತ್ತಿಹಿಡಿಯಿತು. ಪಕ್ಕದ ರಾಜ್ಯದಲ್ಲಿದ್ದಿದ್ದರೆ ಏನಾಗುತ್ತಿತ್ತೋ.

ಮೂರನೆಯದು ನೋವಿನದು. ಆ ಹಿರಿಯರು ಬೇಕೆಂದೇ ಸುರಿದರು ಎಂದು ಸಾಧಿಸಲು ನೋಡಿದರು. 2019ರ ಏಪ್ರಿಲ್‌ನಲ್ಲಿ ಅವರ ಹೇಳಿಕೆ ಪಡೆದರು. ನಾಲ್ಕು ಗಂಟೆ. "ಅದು ನೀರಿಗೆ ಇಳಿಯುತ್ತದೆ ಎಂದು ನಿಮಗೆ ಗೊತ್ತಿತ್ತಾ?" ಎಂದು ಅದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. "ಗೊತ್ತಿದ್ದರೆ ಆ ಅಂಗಡಿಯ ನಲ್ಲಿ ನೀರನ್ನು ನನ್ನ ಮಗಳಿಗೆ ಯಾಕೆ ಕುಡಿಸುತ್ತಿದ್ದೆ?" ಎಂದು ಒಮ್ಮೆ ಹೇಳಿದವರು ಆಮೇಲೆ ಬರೀ ಇಲ್ಲ ಇಲ್ಲ ಎಂದರು. ಹಳೇ ಕೆಲಸಗಾರರು, ಮಾಲೀಕರು ಬದುಕಿದ್ದರೆ ಅವರ ನೆನಪನ್ನು ಬೇಗ ದಾಖಲಿಸಿಕೊಳ್ಳಿ. 2020ರ ಕೊನೆಯಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು. ಅಷ್ಟರೊಳಗೆ ಕೇಸು ಮುಗಿಯದೇ ಇದ್ದಿದ್ದರೆ, ನಮಗೆ ಉಳಿಯುತ್ತಿದ್ದದ್ದು ಆ ಹೇಳಿಕೆ ಮಾತ್ರ.

ಮೂರು ಕಂಪನಿಗಳು ಪಾಲು ಹಂಚಿಕೊಂಡು ಸಹಿ ಹಾಕಿದ್ದು 2019ರ ನವೆಂಬರಿನಲ್ಲಿ. ರಾಜ್ಯದ ಸ್ವಯಂಪ್ರೇರಿತ ಶುದ್ಧೀಕರಣ ಯೋಜನೆಗೆ ಸೇರಿಕೊಂಡು ಕೆಲಸ ಶುರುಮಾಡಿದೆವು. ಹಿಂಬಾಗಿಲ ಹತ್ತಿರದ ಮಣ್ಣು ಅಗೆದು ಸಾಗಿಸಿದರು. ಕೋವಿಡ್‌ನಿಂದ ಒಂದು ವರ್ಷ ನಿಂತಿತು. 2021ರಲ್ಲಿ ನೆಲದೊಳಗೆ ಸೋಯಾ ಎಣ್ಣೆಯ ಮಿಶ್ರಣ ಇಳಿಸಿದರು. ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳಿಂದ, ಪರ್ಕ್‌ನಲ್ಲಿರುವ ಕ್ಲೋರಿನ್ ಒಂದೊಂದಾಗಿ ಕಳಚುತ್ತದೆ. ನಡುವೆ ಸ್ವಲ್ಪ ಕಾಲ ವಿನೈಲ್ ಕ್ಲೋರೈಡ್ ಏರುತ್ತದೆ. ಅದೂ ವಿಷವೇ, ಹಾಗಾಗಿ ಪಕ್ಕದ ಮನೆಯ ಗಾಳಿಯನ್ನು ಮತ್ತೆ ಮತ್ತೆ ಪರೀಕ್ಷಿಸಲು ನಾನು ಹಟ ಹಿಡಿದೆ. ಆಮೇಲೆ ಮೂರು ತಿಂಗಳಿಗೊಮ್ಮೆ ಬಾವಿಗಳ ನೀರು ತೆಗೆಯುವುದು, ಅಂಕಿ ಬರುವುದು, ಕಾಯುವುದು.

ಒಟ್ಟು ಖರ್ಚು 7 ಲಕ್ಷ ಡಾಲರ್ ದಾಟಿತು. ನಮ್ಮ ಕೈಯಿಂದ ಹೋಗಿ ವಾಪಸ್ ಬಾರದೇ ಇದ್ದದ್ದು ಸುಮಾರು 50,000. ಮೂರನೇ ಅಂಗಡಿ ಎರಡು ವರ್ಷ ಖಾಲಿ ಬಿದ್ದು ಬಾಡಿಗೆ ಹೋದದ್ದು ಬೇರೆ.

ಈ ವರ್ಷ, 2025ರ ವಸಂತದಲ್ಲಿ ಇಲಾಖೆಯಿಂದ ಕೆಲಸ ಮುಗಿದ ಪ್ರಮಾಣಪತ್ರ ಬಂತು. ಆಮೇಲೆ, ಇನ್ನು ನಿಮ್ಮ ಮೇಲೆ ರಾಜ್ಯ ದಾವೆ ಹೂಡುವುದಿಲ್ಲ ಎಂಬ ಪತ್ರ ಗವರ್ನರ್ ಕಚೇರಿಯಿಂದ ಬಂತು. ಈ ಜಾಗದಲ್ಲಿ ಎಂದೂ ಬಾವಿ ಕೊರೆಯಬಾರದು ಎಂದು ಕ್ರಯಪತ್ರದ ಜೊತೆ ನೋಂದಾಯಿಸಿದ್ದಾರೆ. ಹೋದ ತಿಂಗಳು ಪರೀಕ್ಷಾ ಬಾವಿಗಳನ್ನೆಲ್ಲ ಮುಚ್ಚಿದರು. ಆ ದಿನ ಹಿರಿಯರ ಮಗಳೂ ಬಂದಿದ್ದಳು, ಕೈಯಲ್ಲಿ ಆ ಕಂದು ಲಕೋಟೆ. ಹಿಂದಿನ ಮನೆಯ ಹುಡುಗಿ ಬೇಲಿಯ ಆಚೆ ನಿಂತು ನೋಡುತ್ತಿದ್ದಳು. ಐದು ತಿಂಗಳಿನ ಆ ಮಗುವಿಗೆ ಈಗ ಎಂಟು ವರ್ಷ. ಅವನು ಬಂದು, ಈ ತೂತಿನೊಳಗೆ ಏನಿತ್ತು ಎಂದು ಕೇಳಿದ. ನಾವು ಮೂವರೂ ಕೂತು ಅವನಿಗೆ ಹೇಳಿದೆವು.